ಬಾವಿಗಿಳಿದ ಯಂತ್ರಕ್ಕೆ ಅರ್ಥ ಹೇಳಿದವರು

ಗ್ರಂಥಾಲಯದ ಕೆಲಸಕ್ಕೆ ಹೊಸದಾಗಿ ಸೇರುವವರಿಗೆ ತರಬೇತಿ ಕೊಡುತ್ತಾರೆ. ಪುಸ್ತಕಗಳಿಗೆ ಸಂಖ್ಯೆ ಹಾಕುವುದು, ಕಪಾಟು ಜೋಡಿಸುವುದು, ಓದುಗರ ಹೆಸರನ್ನು ಕಂಪ್ಯೂಟರಿಗೆ ಏರಿಸುವುದು, ಇವೆಲ್ಲ ಅದರಲ್ಲಿ ಬರುತ್ತವೆ. ಆದರೆ ಒಬ್ಬ ಮನುಷ್ಯ ಬಂದು, ಯಾರೂ ಕಾಣದ ಲೋಕದ ಕಥೆ ಓದಬೇಕು, ಕೈಯಲ್ಲಿ ದುಡ್ಡಿಲ್ಲ, ಎಲ್ಲಿ ಸಿಗುತ್ತದೆ ಎಂದು ಕೇಳಿದರೆ ಏನು ಮಾಡಬೇಕೆಂಬುದನ್ನು ಯಾರೂ ಹೇಳಿಕೊಡುವುದಿಲ್ಲ. ನನ್ನ ಸೇವೆಯ ಕಡೆಯ ವರ್ಷಗಳು ಬಹುಪಾಲು ಈ ಪ್ರಶ್ನೆಯ ಬೆನ್ನು ಹತ್ತಿಯೇ ಕಳೆದವು. ನಾನು ಯಾವಾಗ ಯಾವ ಹುದ್ದೆಗೇರಿದೆ ಎಂಬುದರಿಂದ ನಿಮಗೆ ಪ್ರಯೋಜನವಿಲ್ಲ. ಈ ಹುಡುಕಾಟದಲ್ಲಿ ಎಲ್ಲಿ ಎಡವಿದೆ, ಯಾರು ದಾರಿ ತೋರಿಸಿದರು, ಯಾರು ಅಡ್ಡ ನಿಂತರು ಎಂಬುದರಿಂದ ಸ್ವಲ್ಪ ಪ್ರಯೋಜನವಾಗಬಹುದು.

ವಿಜಯಪುರದ ಇಬ್ರಾಹಿಂಪುರದಲ್ಲಿ, ರೈಲು ಹಳಿಗೆ ಹತ್ತಿರವಿದ್ದ ಒಂದು ಸಣ್ಣ ಶಾಖೆಯಲ್ಲಿ ನಾನಿದ್ದಾಗ ಕಪಾಟುಗಳ ತುಂಬ ಸ್ಪರ್ಧಾತ್ಮಕ ಪರೀಕ್ಷೆಗಳ ಗೈಡುಗಳಿದ್ದವು. ಅವು ಬೇಡವೆಂದು ನಾನು ಹೇಳುವುದಿಲ್ಲ. ನೌಕರಿಯೇ ಸಿಗದ ಕಾಲದಲ್ಲಿ ಗೈಡು ಓದುವವರನ್ನು ಹೀಗಳೆಯುವುದು ಅನ್ಯಾಯ. ಆದರೆ ಬಡವರ ಮನೆಗೆ ಗೈಡು, ಉಳ್ಳವರ ಮನೆಗೆ ಕಥೆ ಎಂಬ ಹಂಚಿಕೆಯನ್ನು ಯಾರು, ಎಲ್ಲಿ ಕುಳಿತು ಮಾಡಿದರು? ಕಲ್ಪನೆಗೂ ಒಂದು ಪಡಿತರ ಅಂಗಡಿಯಿದ್ದಂತೆ, ಅಲ್ಲಿ ನಮ್ಮ ಓಣಿಗಳಿಗೆ ಮಾತ್ರ ತೂಕದಲ್ಲಿ ಮೋಸವಾಗುತ್ತಿದ್ದಂತೆ ನನಗೆ ತೋರುತ್ತಿತ್ತು.

ಹಳಿಯ ಪಕ್ಕದ ಗ್ಯಾರೇಜಿನಲ್ಲಿ ವೆಲ್ಡಿಂಗ್ ಮಾಡುತ್ತಿದ್ದ ಒಬ್ಬ ಯುವಕ ಒಂದು ದಿನ ಕೈ ಒರೆಸಿಕೊಳ್ಳುತ್ತಲೇ ಒಳಗೆ ಬಂದ.

“ಮೇಡಮ್, ಆಕಾಶದಾಗ ಹಡಗ ಹೋಗ್ತಾವಲ್ರಿ, ಬ್ಯಾರೆ ಗ್ರಹದಾಗ ಮಂದಿ ಇರ್ತಾರಲ್ರಿ, ಅಂಥ ಕಥಿ ಪುಸ್ತಕ ಅದಾವೇನ್ರಿ?”

ಇರಲಿಲ್ಲ. ಒಳಗಿದ್ದ ಒಂದೇ ಕಂಪ್ಯೂಟರಿನ ಮುಂದೆ ಅವನನ್ನು ಕೂರಿಸಿಕೊಂಡು, ಉಚಿತವಾಗಿ ಓದಲು ಸಿಗುವ ಬಾಹ್ಯಾಕಾಶದ ಕಥೆಗಳು ಎಂದು ಹುಡುಕಿದೆ. ದೊಡ್ಡ ಹಸಿರು ಗುಂಡಿಯೊಂದು ಕಂಡಿತು. ಒತ್ತಿದೆ. ಕಥೆ ಬರಲಿಲ್ಲ, ಒಂದರ ಮೇಲೊಂದು ಜಾಹೀರಾತು ತೆರೆದುಕೊಂಡು, ಪರೀಕ್ಷೆಗೆ ಓದುತ್ತ ಕುಳಿತವರೆಲ್ಲ ತಲೆಯೆತ್ತುವಂತೆ, ಲಾಟರಿ ಗೆದ್ದಿದ್ದೀರಿ ಎಂದು ಯಂತ್ರ ಕೂಗತೊಡಗಿತು. ಧ್ವನಿ ಅಡಗಿಸುವುದು ಹೇಗೆಂದು ತಿಳಿಯದೆ ನಾನು ವೈರನ್ನೇ ಕಿತ್ತೆ. ಮತ್ತೆ ಹಚ್ಚಿದಾಗ ಇನ್ನೊಂದು ತಾಣ ಬ್ಯಾಂಕಿನ ಕಾರ್ಡಿನ ಸಂಖ್ಯೆ ಕೇಳಿತು.

“ಬಿಡ್ರಿ ಮೇಡಮ್,” ಎಂದ ಅವನು ನಗುತ್ತ. “ಪುಕ್ಕಟ ಅಂದಾವ್ರು ಮದ್ಲ ಕಿಸೆಕ್ಕ ಕೈ ಹಾಕ್ತಾರ.”

ಅವನು ಮತ್ತೆ ಬರಲಿಲ್ಲ. ಕಥೆ ಕೇಳಿಕೊಂಡು ಬಂದವನನ್ನು ವ್ಯಾಪಾರಿಗಳ ಬಲೆಯ ಬಾಯಿಗೆ ನಿಲ್ಲಿಸಿ ಕಳಿಸಿದೆನಲ್ಲ ಎಂಬ ವ್ಯಥೆ ಉಳಿಯಿತು. ಅದರೊಂದಿಗೆ ಒಂದು ಕುತೂಹಲವೂ ಉಳಿಯಿತು: ನಿಜವಾಗಿಯೂ ಉಚಿತವಾದುದು ಎಲ್ಲಾದರೂ ಇದೆಯೆ? ಇದ್ದರೆ, ಅದನ್ನು ಕೊಡುವವರು ಯಾಕೆ ಕೊಡುತ್ತಾರೆ?

ತಿಕೋಟಾಕ್ಕೆ ವರ್ಗವಾದ ಮೇಲೆ ಈ ಪ್ರಶ್ನೆಯನ್ನು ಕ್ರಮವಾಗಿ ಹಿಡಿದುಕೊಂಡೆ. ದ್ರಾಕ್ಷಿ ಕಟಾವಿನ ದಿನಗಳಲ್ಲಿ ಮಧ್ಯಾಹ್ನ ಯಾರೂ ಗ್ರಂಥಾಲಯದ ಕಡೆ ಸುಳಿಯುತ್ತಿರಲಿಲ್ಲ. ಆ ಹೊತ್ತು ನನ್ನದಾಗಿತ್ತು. ಕಂಡುಕೊಂಡದ್ದು ಇಷ್ಟು. ನಮ್ಮ ದೇಶದಲ್ಲಿ ಲೇಖಕರು ತೀರಿಕೊಂಡು ಅರವತ್ತು ವರ್ಷ ಕಳೆದರೆ ಅವರ ಬರಹ ಎಲ್ಲರ ಸೊತ್ತಾಗುತ್ತದೆ. ಅಂಥ ಹಳೆಯ ಕಥೆಗಳನ್ನು ಸ್ವಯಂಸೇವಕರು ಅಕ್ಷರ ತಿದ್ದಿ ಅಂತರ್ಜಾಲದಲ್ಲಿ ಇಡುತ್ತಾರೆ. ಇನ್ನು ಕೆಲವು ಪತ್ರಿಕೆಗಳು ಹೊಸ ಕಥೆಗಳನ್ನೇ ಪ್ರಕಟಿಸಿ, ಬರೆದವರಿಗೆ ಗೌರವಧನ ಕೊಟ್ಟು, ಓದುವವರಿಗೆ ಮಾತ್ರ ಬಾಗಿಲು ತೆರೆದಿಡುತ್ತವೆ. ಕೊಡಬಲ್ಲ ಕೆಲವರು ತಿಂಗಳಿಗಿಷ್ಟು ಎಂದು ಕೊಡುತ್ತಾರೆ, ಆ ಹಣದಲ್ಲಿ ಕೊಡಲಾಗದವರೂ ಓದುತ್ತಾರೆ. ಇದನ್ನು ತಿಳಿದ ದಿನ ನಾನು ಬಹಳ ಹೊತ್ತು ಆ ಪುಟವನ್ನೇ ನೋಡುತ್ತ ಕುಳಿತೆ. ದಾಸೋಹದ ನೆಲದಲ್ಲಿ ಬೆಳೆದವಳಿಗೆ ಅದರ ಹೊಸ ರೂಪವನ್ನು ಗುರುತಿಸಲು ಕಷ್ಟವಾಗಲಿಲ್ಲ. ಮತ್ತೆ ಕೆಲವು ಲೇಖಕರು ತಮ್ಮದೇ ಪುಟದಲ್ಲಿ ವಾರಕ್ಕೊಂದು ಅಧ್ಯಾಯ ಹಾಕುತ್ತಾರೆ. ಹೆಸರಾಗಲಿ ಎಂದು ಕೆಲವರು, ಬರೆಯದೆ ಇರಲಾಗದು ಎಂದು ಕೆಲವರು.

ಆದರೆ ಈ ಸಂಪತ್ತೆಲ್ಲ ಬಹುಮಟ್ಟಿಗೆ ಇಂಗ್ಲಿಷಿನಲ್ಲಿತ್ತು. ಕನ್ನಡದಲ್ಲಿ ವಿಜ್ಞಾನದ ಕಲ್ಪನೆಯ ಕಥೆ, ಮಾಯಾಲೋಕದ ಕಥೆ ಇಲ್ಲವೆಂದಲ್ಲ. ಇದ್ದವು ಮರುಮುದ್ರಣವಿಲ್ಲದೆ ಮುಗಿದುಹೋಗಿದ್ದವು, ಅಥವಾ ಯಾವುದೋ ದೊಡ್ಡ ಊರಿನ ಕಪಾಟಿನಲ್ಲಿ ಬೀಗ ಹಾಕಿಸಿಕೊಂಡಿದ್ದವು. ಉಚಿತ ಎಂದು ಬರೆದ ಬಾಗಿಲಿಗೆ ಇಂಗ್ಲಿಷಿನ ಚಿಲಕ ಹಾಕಿದ್ದರೆ ಅದನ್ನು ಉಚಿತ ಎನ್ನಬಹುದೆ? ಇದೂ ಒಂದು ಅನ್ಯಾಯ. ಇದಕ್ಕೆ ಹೊಣೆ ಯಾರೆಂದು ಬೆರಳು ತೋರಿಸಲು ಆಗದ ಕಾರಣ ಇದು ಇನ್ನಷ್ಟು ಕಾಲ ಬಾಳುತ್ತದೆ.

ಆಗಿನ ನನ್ನ ಮೇಲಧಿಕಾರಿಯೊಬ್ಬರು ತಪಾಸಣೆಗೆ ಬಂದಾಗ ಕಂಪ್ಯೂಟರಿನಲ್ಲಿ ಡ್ರಾಗನ್ನಿನ ಚಿತ್ರವಿದ್ದ ಕಥೆ ತೆರೆದಿತ್ತು. “ಇಂಥಾ ಸುಳ್ಳ ಕಥಿ ಓದಿ ಏನ್ ಆಗೂದೈತ್ರಿ ಮೇಡಮ್ಮಾರ? ಅರ್ಜಿ ತುಂಬಾಕ ಕೊಟ್ಟಾರ ಈ ಮಶೀನ,” ಎಂದರು. ಅರ್ಜಿ ತುಂಬಿಯೇ ಬದುಕು ಮುಗಿಸಬೇಕಾದವರಿಗೆ ಸುಳ್ಳು ಕಥೆಯೊಂದು ಬೇಕಾಗುತ್ತದೆ, ಸರ್, ಎಂದೆ. ಅವರು ಹುಬ್ಬೇರಿಸಿದರೇ ಹೊರತು ಕಂಪ್ಯೂಟರನ್ನು ಕಸಿದುಕೊಳ್ಳಲಿಲ್ಲ. ಹೊಸಬರು ಇದನ್ನು ನೆನಪಿಡಿ: ಅನೇಕ ಅಧಿಕಾರಿಗಳ ಬಾಯಿಯ ಮಾತು ಅವರು ಹಾಕುವ ಸಹಿಗಿಂತ ಗಡುಸಾಗಿರುತ್ತದೆ. ಇದಕ್ಕೆ ತದ್ವಿರುದ್ಧವಾದವರೂ ಇರುತ್ತಾರೆ. ಅವರ ವಿಷಯ ಮುಂದೆ ಬರುತ್ತದೆ.

ಬಬಲೇಶ್ವರದ ಗ್ರಂಥಾಲಯ ನನ್ನ ಸೇವೆಯ ಕಡೆಯ ನಿಲ್ದಾಣ. ಸುಜಾತಾಳನ್ನು ನಾನು ಕಂಡದ್ದು ಅಲ್ಲಿ. ಕಾಖಂಡಕಿ ಕಡೆಯ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದ ಮೂವತ್ತರ ಆಸುಪಾಸಿನ ಹೆಣ್ಣುಮಗಳು, ಬಿ.ಎ. ಓದಿದ್ದಳು, ಮನೆಯವರು ಅವಳ ಅಜ್ಜನ ಕಾಲದಲ್ಲಿ ಬೌದ್ಧರಾದವರು. ಖಾಕಿ ಸಮವಸ್ತ್ರದಲ್ಲೇ ಬಂದು ಮೇಜಿನ ಮೇಲೆ ಮೊಬೈಲ್ ಇಟ್ಟಳು.

“ಅಕ್ಕಾರ, ಬಸ್ ಬಿಡಾಕ ಇನ್ನ ಹೊತ್ತೈತಿ. ಈ ಕಥಿ ಇಲ್ಲಿ ತೆರೀತೈತಿ, ಹಾದಿ ಮ್ಯಾಲ ನೆಟ್‌ವರ್ಕ್ ಹೋತಂದ್ರ ಅರ್ಧಕ್ಕ ನಿಂದರತೈತಿ. ಏನರ ಉಪಾಯ ಐತೇನ್ರಿ?”

ಉಪಾಯವಿತ್ತು. ಅನೇಕ ತಾಣಗಳು ಇಡೀ ಕಥೆಯನ್ನು ಫೋನಿಗೆ ಇಳಿಸಿಕೊಳ್ಳಲು ಅನುಮತಿ ಕೊಡುತ್ತವೆ. ಒಮ್ಮೆ ಇಳಿಸಿದರೆ ನೆಟ್‌ವರ್ಕಿನ ಹಂಗಿಲ್ಲ. ಕಾಗದಕ್ಕೆ ಮುದ್ರಿಸಿ ಕೊಡುತ್ತಿದ್ದ ನನ್ನ ಹಳೆಯ ಪದ್ಧತಿಯನ್ನು ಅಂದಿನಿಂದ ಬಿಟ್ಟೆ. ಬಸ್ಸು ಹೊರಡುವ ಮುನ್ನ ಅವಳ ಫೋನಿಗೆ ಕಥೆ ಇಳಿಸಿ ಕಳಿಸುವುದು ವಾಡಿಕೆಯಾಯಿತು.

ಕೆಲವು ವಾರಗಳ ನಂತರ ಅವಳು ಉತ್ಸಾಹದಿಂದ ಇನ್ನೊಂದು ತೋರಿಸಿದಳು. ಮೊಬೈಲ್ ಗುಂಪಿನಲ್ಲಿ ಯಾರೋ ಹಂಚಿದ ಒಂದು ಇಡೀ ಕನ್ನಡ ಕಾದಂಬರಿ, ಪುಟಪುಟವೂ ಫೋಟೊ ಹೊಡೆದದ್ದು. ಬರೆದವರು ಬದುಕಿರುವವರು.

“ಇದು ಉಚಿತವಲ್ಲ ಸುಜಾತಾ, ಕಳುವು,” ಎಂದೆ.

“ಹಂಗಂದ್ರ ಬಡವ್ರು ಓದಬಾರದೇನ್ರಿ ಅಕ್ಕಾರ?”

“ಬರೆದವರೂ ಬಡವರಿರಬಹುದಲ್ಲ.”

ಅವಳು ಸುಮ್ಮನಾಗಲಿಲ್ಲ. “ಬಸ್ಸಿನ್ಯಾಗ ಟಿಕೀಟ್ ಇಲ್ಲದವ್ರನ್ನ ನಾನು ಇಳಸ್ತೀನ್ರಿ. ಆದ್ರ ದವಾಖಾನಿಗಿ ಹೊಂಟಾಕಿನ್ನ ಇಳಸಂಗಿಲ್ಲ. ನಿಮ್ಮ ಕಾಯ್ದೆದಾಗ ಅಂಥಾಕಿಗೆ ಜಾಗ ಐತೇನ್ರಿ?”

ಆ ಕಾದಂಬರಿಯನ್ನು ಗ್ರಂಥಾಲಯಕ್ಕೆ ತರಿಸುತ್ತೇನೆ, ಆಗ ನೀನೂ ಓದಬಹುದು, ಬರೆದವರಿಗೂ ಸಲ್ಲುತ್ತದೆ ಎಂದೆ. ತರಿಸಲು ಮೇಲಿನಿಂದ ಒಪ್ಪಿಗೆ ಬರುವಷ್ಟರಲ್ಲಿ ಮಳೆಗಾಲ ಕಳೆಯಿತು. ಆ ವಿಳಂಬವೇ ಕಳುವಿಗೆ ಅರ್ಧ ಕಾರಣ ಎಂದು ಇಲಾಖೆಗೆ ಬರೆದೂ ಇದ್ದೆ.

ಇಷ್ಟರಲ್ಲಿ ಗ್ರಂಥಾಲಯಕ್ಕೆ ಪತ್ರಿಕೆ ಓದಲು ಬರುತ್ತಿದ್ದ ನಿವೃತ್ತ ಇಂಗ್ಲಿಷ್ ಶಿಕ್ಷಕರು, ಗುರುಪಾದಪ್ಪ ಮಾಸ್ತರರು, ಸುಜಾತಾಳ ಫೋನಿನ ಇಂಗ್ಲಿಷ್ ಕಥೆಯೊಂದನ್ನು ಗಟ್ಟಿಯಾಗಿ ಓದಿದರು. ಅವರ ಓದು ಕೇಳಲು ಚೆನ್ನ. ಆದರೆ ಪತ್ರಿಕೆ ಬದಿಗಿಟ್ಟು ಕೇಳುತ್ತ ಕುಳಿತ ಉಳಿದವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ಆಗ ಸುಜಾತಾ ಸಹಜವಾಗಿ ಒಂದೊಂದು ವಾಕ್ಯಕ್ಕೂ ನಮ್ಮ ಮಾತಿನಲ್ಲಿ ಅರ್ಥ ಹೇಳತೊಡಗಿದಳು. ಮಾಸ್ತರರು ಓದುವುದು, ನಿಲ್ಲಿಸುವುದು, ಅವಳು ಹೇಳುವುದು, ಮತ್ತೆ ಅವರು ಓದುವುದು. ನಮ್ಮ ಭಾಗದಲ್ಲಿ ಶ್ರಾವಣ ಮಾಸ ಪೂರ್ತಿ ಗುಡಿಗಳಲ್ಲಿ ಪುರಾಣ ಹಚ್ಚುವುದು ಹೀಗೆಯೇ: ಒಬ್ಬರು ಪದ್ಯ ಓದಿದರೆ, ಇನ್ನೊಬ್ಬರು ಎದುರು ಕುಳಿತು ಅರ್ಥ ಬಿಡಿಸುತ್ತಾರೆ. ಅರ್ಥ ಹೇಳುವವರಿಗೆ ಓದುವವರಿಗಿಂತ ಮರ್ಯಾದೆ ಹೆಚ್ಚು. ಯಾರೂ ಯೋಜಿಸದೆ ಆ ಪದ್ಧತಿ ನಮ್ಮ ಗ್ರಂಥಾಲಯದೊಳಗೆ ಬಂದು ಕುಳಿತುಕೊಂಡಿತು.

ಪ್ರತಿ ರವಿವಾರ ಮಧ್ಯಾಹ್ನ ಎಂದು ಗೊತ್ತುಮಾಡಿದೆ. ಸಂಜೆಯಾದರೆ ಹೆಂಗಸರು ಬರಲಾರರು, ಅಡುಗೆ ಅವರನ್ನು ಬಿಡುವುದಿಲ್ಲ. ಮಧ್ಯಾಹ್ನವೂ ಮೊದಲು ಅವರು ಬರಲಿಲ್ಲ. ಕಾರಣ ಕೇಳಿದರೆ, ಗ್ರಂಥಾಲಯಕ್ಕೆ ಶೌಚಾಲಯವಿರಲಿಲ್ಲ. ಕಟ್ಟಡ ಕಟ್ಟಿದವರ ಮನಸ್ಸಿನಲ್ಲಿ ಓದುಗ ಎಂದರೆ ಗಂಡಸು ಎಂದೇ ಇತ್ತು. ಪಕ್ಕದ ಶಾಲೆಯ ಶೌಚಾಲಯದ ಬೀಗದ ಕೈ ಕೇಳಿ ಪಡೆದ ಮೇಲೆ ಅವರು ಬಂದರು, ಜಮಖಾನ ತುಂಬಿತು.

ಸುಜಾತಾಳಿಗೆ ಆ ಸ್ಥಾನ ಏನಾಗಿತ್ತೆಂಬುದು ನನಗೆ ತಡವಾಗಿ ತಿಳಿಯಿತು. ಬಾಲ್ಯದಲ್ಲಿ ಅವಳ ಊರಿನ ಗುಡಿಯಲ್ಲಿ ಪುರಾಣ ನಡೆಯುವಾಗ ಅವಳ ಓಣಿಯವರು ಕಟ್ಟೆಯ ಕೆಳಗೆ, ಹೊರಗೆ ಕುಳಿತುಕೊಳ್ಳಬೇಕಾಗಿತ್ತು. ಪದ್ಯ ಓದುವವರಿಗೆ ಮೈಕ್ ಇರುತ್ತಿತ್ತು. ಅರ್ಥ ಹೇಳುವವರು ಮೈಕ್ ಇಲ್ಲದೆ, ಒಳಗಿನವರಿಗೆ ಕೇಳಿಸುವಷ್ಟೇ ಧ್ವನಿಯಲ್ಲಿ ಹೇಳುತ್ತಿದ್ದರು.

“ಪದ್ಯ ಎಲ್ಲಾ ಕೇಳ್ತಿತ್ರಿ ಅಕ್ಕಾರ, ಅರ್ಥ ಒಂದೂ ಕೇಳ್ತಿದ್ದಿಲ್ಲ,” ಎಂದಿದ್ದಳು. “ಈಗ ನಂಗ ಪಗಾರ ಐತಿ, ಮನಿ ಐತಿ. ಆ ಜಾಗ ಮಾತ್ರ ಯಾರೂ ಕೊಟ್ಟಿದ್ದಿಲ್ಲ. ಇದು ಹೋತಂದ್ರ ನಾ ಮತ್ತ ಕಟ್ಟಿ ಕೆಳಗನ.”

ಇದು ಅಸ್ಪೃಶ್ಯತೆ. ಬೇರೆ ಮೆದು ಹೆಸರುಗಳನ್ನು ಇದಕ್ಕೆ ಇಡುವುದನ್ನು ನಾನು ಒಪ್ಪುವುದಿಲ್ಲ.

ನಾವು ಆರಿಸಿಕೊಂಡದ್ದು ತಣ್ಣನೆಯ ದೇಶವೊಂದರ ಲೇಖಕಿ ತಮ್ಮ ಪುಟದಲ್ಲಿ ಕಂತುಕಂತಾಗಿ ಹಾಕುತ್ತಿದ್ದ ಕಥೆ. ನೀರೇ ಇಲ್ಲದ ಗ್ರಹ. ಅಲ್ಲಿ ಬಾವಿ ತೋಡಲು ಕಳಿಸಿದ ಒಂದು ಯಂತ್ರ. ಕಳಿಸಿದ ಜನ ಏನಾದರೋ ಗೊತ್ತಿಲ್ಲ. ನಿಲ್ಲಿಸು ಎಂದು ಯಾರೂ ಹೇಳದ ಕಾರಣ ಅದು ತೋಡುತ್ತಲೇ ಇದೆ. ನೀರಿಗಾಗಿ ನೆಲ ಕೊರೆದು ಕೊರೆದು ಬೇಸತ್ತ ನಮ್ಮ ಸೀಮೆಯವರಿಗೆ ಇದಕ್ಕಿಂತ ಹತ್ತಿರದ ಕಥೆ ಬೇರೆ ಸಿಗುತ್ತಿರಲಿಲ್ಲ.

ಕೇಳುಗರಲ್ಲಿ ಮುಂದಿನ ಸಾಲು ಮಲ್ಲಪ್ಪ ಕಾಕಾನದು. ಕುರಿ ಸಾಕಿಕೊಂಡಿದ್ದ ಮುದುಕ. ಮೊಮ್ಮಗನಿಗೆ ಕುರಿ ಒಪ್ಪಿಸಿ, ಕಂಬಳಿ ಹೆಗಲಿಗೆ ಹಾಕಿಕೊಂಡು, ತಪ್ಪದೆ ಬರುತ್ತಿದ್ದ.

“ಅಲ್ಲ ಸುಜಾತವ್ವಾ, ಅದಕ ನೀರಿನ ಪಾಯಿಂಟ ಯಾರ ತೋರಿಸಿದ್ರು? ತೆಂಗಿನಕಾಯಿ ಹಿಡದ ನೋಡಿದ್ರೊ ಇಲ್ಲೊ?”

“ಅಲ್ಲಿ ತೆಂಗಿನಗಿಡನ ಇಲ್ಲ ಕಾಕಾ. ಗಾಳೀನೂ ಇಲ್ಲ.”

“ಗಾಳಿ ಇಲ್ಲಂದ್ರ ಉಸರ ಹೆಂಗ ಬಿಡತೈತಿ?”

“ಮಶೀನ ಅದು. ಉಸರಾಡಂಗಿಲ್ಲ.”

“ಉಸರಾಡಂಗಿಲ್ಲ, ಕುಡಿಯಂಗಿಲ್ಲ. ಮತ್ತ ನೀರ ಯಾರಿಗೆ?”

ಕೋಣೆ ನಕ್ಕಿತು. ಮಾಸ್ತರರು ಕನ್ನಡಕ ತೆಗೆದು, “ಮಲ್ಲಪ್ಪ, ಇದ ಪ್ರಶ್ನಿ ಮ್ಯಾಲ ಇಡೀ ಕಥಿ ನಿಂತೈತಿ. ನೀ ಮದ್ಲನ ಕೇಳಿ ಕೆಡಿಸಿದಿ,” ಎಂದರು. ತೆಂಗಿನಕಾಯಿಯಿಂದ ಅಂತರ್ಜಲ ತಿಳಿಯುವುದಿಲ್ಲ, ಅದರಿಂದ ಎಷ್ಟು ಕುಟುಂಬಗಳು ಮೋಸಹೋಗಿವೆ ಎಂದು ನಾನು ಎದ್ದುನಿಂತು ವಿವರಿಸಿದೆ. ಮಲ್ಲಪ್ಪ ಕಾಕಾ ತಾಳ್ಮೆಯಿಂದ ಕೇಳಿ, “ನಿಮ್ಮ ಮಾತ ಖರೇ ಐತ್ರಿ ಅಕ್ಕಾರ. ಮದ್ಲ ಮಶೀನಿಂದ ಮುಗೀಲಿ, ಆಮ್ಯಾಲ ತೆಂಗಿನಕಾಯಿ ವಿಚಾರ ತೊಗೊಳೂಣು,” ಎಂದ.

ಅಲ್ಲಿ ನಾನು ಎಣಿಸದ ಒಂದು ತೊಡಕು ಎದುರಾಯಿತು. ಒಂದು ಕಂತು, ತಾನು ತೋಡಿದ ಬಾವಿಯೊಳಕ್ಕೆ ಯಂತ್ರ ಜಾರಿ ಬಿದ್ದು, ಅದರ ದೀಪ ಮಂಕಾಗುವಲ್ಲಿಗೆ ಮುಗಿಯಿತು. ಇವತ್ತಿಗೆ ಇಷ್ಟೇ ಎಂದು ನಾನು ಎದ್ದೆ. ಯಾರೂ ಏಳಲಿಲ್ಲ. ಪುರಾಣ ಕೇಳುವವರಿಗೆ ಒಂದು ನಿಯಮವಿದೆ: ಸಾವು, ಸಂಕಟ ನಡೆಯುವ ಜಾಗದಲ್ಲಿ ಆ ದಿನದ ಓದು ನಿಲ್ಲಿಸುವಂತಿಲ್ಲ, ಒಳ್ಳೆಯದೊಂದು ಬರುವವರೆಗೆ ಓದಿ ಏಳಬೇಕು.

“ಹಿಂಗ ಬಿಟ್ಟ ಹ್ವಾದ್ರ ಹೆಂಗ್ರಿ? ಅದು ಕೆಳಗ ಕುಂತೈತಿ,” ಎಂದಳು ಒಬ್ಬ ಹೆಣ್ಣುಮಗಳು.

ಇದು ಪುರಾಣವಲ್ಲ, ಅಮಂಗಲವೆಂಬುದು ಇಲ್ಲಿ ಇಲ್ಲ ಎಂದೆ. ನನ್ನ ಮಾತನ್ನು ಯಾರೂ ಅಲ್ಲಗಳೆಯಲಿಲ್ಲ, ಯಾರೂ ಏಳಲೂ ಇಲ್ಲ. ಕೊನೆಗೆ ಮಾಸ್ತರರು ಹಿಂದಿನ ಕಂತಿನಿಂದ, ಯಂತ್ರ ಮೊದಲ ಬಾರಿಗೆ ಸೂರ್ಯೋದಯ ನೋಡುವ ಭಾಗವನ್ನು ಮತ್ತೆ ಓದಿದರು. ಸುಜಾತಾ ಅರ್ಥ ಹೇಳಿದಳು. ಆಮೇಲೆ ಚಪ್ಪಲಿ ಹುಡುಕಿಕೊಂಡು ಎಲ್ಲರೂ ಹೋದರು. ಜನರ ಓದಿಗೆ ಜನರದೇ ಒಂದು ವ್ಯಾಕರಣವಿರುತ್ತದೆ. ಗ್ರಂಥಪಾಲಕರು ಅದನ್ನು ತಿದ್ದುವುದಕ್ಕಿಂತ ಮೊದಲು ಕಲಿಯಬೇಕು.

ಆದರೆ ಮುಂದಿನ ಕಂತು ಬರಲೇ ಇಲ್ಲ. ಪ್ರತಿ ವಾರ ಆ ಪುಟ ತೆರೆದರೆ ಯಂತ್ರ ಬಾವಿಯ ತಳದಲ್ಲೇ ಇತ್ತು. ಉಚಿತ ಕಥೆಗಳ ಲೋಕದಲ್ಲಿ ಇದು ಸಾಮಾನ್ಯ: ಬರೆಯುವವರಿಗೆ ಬೇಸರ ಬರುತ್ತದೆ, ಬದುಕು ಅಡ್ಡ ಬರುತ್ತದೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಹಣ ಕೊಟ್ಟಿಲ್ಲವಾದ್ದರಿಂದ ಓದುಗರಿಗೆ ಕೇಳುವ ಹಕ್ಕಿಲ್ಲ ಎನ್ನುತ್ತಾರೆ. ನೀನೇ ಒಂದು ಮುಕ್ತಾಯ ಹೇಳಿಬಿಡು ಎಂದು ಕೆಲವರು ಸುಜಾತಾಳನ್ನು ಒತ್ತಾಯಿಸಿದರು.

“ಆಕಿ ಬರದಿಲ್ಲ, ನಾ ಹೆಂಗ ಹೇಳ್ಲಿ?” ಎಂದಳು ಅವಳು. “ಅರ್ಥ ಹೇಳಾಕ ಕುಂತಾಕಿ ನಾನು. ಕಥಿ ಕಟ್ಟಾಕಲ್ಲ.”

ಬದುಕಿರುವ ಲೇಖಕಿಯ ಕಥೆಯನ್ನು ನಮ್ಮ ಮಾತಿನಲ್ಲಿ ಹತ್ತಾರು ಜನರಿಗೆ ಹೇಳುತ್ತಿರುವುದಕ್ಕೆ ಅವರ ಒಪ್ಪಿಗೆ ಪಡೆಯಬೇಕೆಂದು ನನಗೆ ಮೊದಲಿನಿಂದಲೂ ಅನ್ನಿಸುತ್ತಿತ್ತು. ಈಗ ಅದಕ್ಕೊಂದು ನೆಪ ಸಿಕ್ಕಿತು. ಆ ಪುಟದ ಕೆಳಗೆ ಓದುಗರು ಬರೆಯುವ ಜಾಗದಲ್ಲಿ ನಾನೂ ಸುಜಾತಾಳೂ ಕುಳಿತು ಬರೆದೆವು: ನಾವು ಇಂಥವರು, ಹೀಗೆ ಓದುತ್ತೇವೆ, ಇದಕ್ಕೆ ನಿಮ್ಮ ಒಪ್ಪಿಗೆ ಇದೆಯೆ. ಕೊನೆಯ ಸಾಲು ಅವಳದು: ಯಂತ್ರ ಮೇಲೆ ಬರುತ್ತದೆಯೆ, ಜನ ಕೇಳುತ್ತಿದ್ದಾರೆ.

ಉತ್ತರ ಬಂತು. ಒಪ್ಪಿಗೆಯನ್ನು ಅವರು ಸಂತೋಷದಿಂದ ಕೊಟ್ಟಿದ್ದರು. ಕಥೆ ನಿಲ್ಲಿಸಿದ್ದಕ್ಕೆ ಕಾರಣವನ್ನೂ ಹೇಳಿದ್ದರು: ಅಷ್ಟು ಆಳಕ್ಕೆ ಬಿದ್ದದ್ದನ್ನು ಮೇಲೆ ತರುವುದು ಹೇಗೆಂದು ಅವರಿಗೇ ಹೊಳೆದಿರಲಿಲ್ಲ. ನಿಮ್ಮ ಊರಿನಲ್ಲಿ ಬಾವಿಗಳಿವೆಯೆ, ಏನಾದರೂ ಬಿದ್ದರೆ ಏನು ಮಾಡುತ್ತೀರಿ ಎಂದು ಕೇಳಿದ್ದರು.

ಆ ರವಿವಾರ ಓದು ನಡೆಯಲಿಲ್ಲ, ವಾದ ನಡೆಯಿತು. ಬೋರಿನಲ್ಲಿ ಸಿಕ್ಕಿಬಿದ್ದ ಮೋಟಾರನ್ನು ಪೈಪಿಗೆ ಕೊಂಡಿ ಹಾಕಿ ಎತ್ತಿದವರು ಅಲ್ಲಿದ್ದರು, ಎತ್ತಲಾಗದೆ ಬಿಟ್ಟವರೂ ಇದ್ದರು. ಒಬ್ಬರು ಹೇಳಿದ್ದನ್ನು ಇನ್ನೊಬ್ಬರು ಅಲ್ಲಗಳೆಯುತ್ತಿದ್ದರು. “ಲೇ, ನಿನ್ನ ಮೋಟಾರ ಇನ್ನ ಅಲ್ಲೇ ಕೊಳತೈತಿ, ನೀ ಉಪಾಯ ಹೇಳ್ತಿ,” ಎಂದು ಮಲ್ಲಪ್ಪ ಕಾಕಾ ಒಬ್ಬನನ್ನು ಹಂಗಿಸಿದ. “ಕೆಳಗ ನೀರ ಬಂತಂದ್ರ ತಾನ ತೇಲಿ ಬರತೈತಿ,” ಎಂದವಳು ಹಿಂದಿನ ಸಾಲಿನ ಹೆಣ್ಣುಮಗಳು. ಸುಜಾತಾ ಎಲ್ಲವನ್ನೂ ಇಂಗ್ಲಿಷಿಗೆ ತಿರುಗಿಸಿ, ಜಗಳವನ್ನೂ ಬಿಡದೆ, ಬರೆದು ಕಳಿಸಿದಳು. ಕಡೆಯ ಅಧ್ಯಾಯ ಬರೆಯುತ್ತಿದ್ದೇನೆ ಎಂದು ಉತ್ತರ ಬಂತು.

ಸುದ್ದಿ ಹರಡಿತು. ಅದರ ಹಿಂದೆಯೇ ದೂರೂ ಹೋಯಿತು. ಗ್ರಂಥಾಲಯದಲ್ಲಿ ಪುರಾಣದ ಅಣಕ ನಡೆಯುತ್ತಿದೆ, ಅರ್ಥ ಹೇಳುವ ಜಾಗದಲ್ಲಿ ಯಾರನ್ನು ಕೂರಿಸಿದ್ದಾರೆ ನೋಡಿ ಎಂದು ಕೆಲವು ಹಿರಿಯರು ಮೇಲಧಿಕಾರಿಗೆ ತಿಳಿಸಿದ್ದರು. ಈ ಮೇಲಧಿಕಾರಿ ಹೊಸಬರು. ಬಾಯಿ ಬಹಳ ಮೃದು.

“ಕಾರ್ಯಕ್ರಮ ಚಲೋ ಐತ್ರಿ ಮೇಡಮ್ಮಾರ, ನಿಲ್ಲಸ್ರಿ ಅನ್ನಂಗಿಲ್ಲ ನಾ,” ಎಂದರು. “ಅರ್ಥ ಮಾಸ್ತರರ ಹೇಳ್ಲಿ. ಓದಿದವ್ರು, ಹಿರ್ಯಾರು. ಆ ಹೆಣ್ಣಮಗಳು ಕುಂತ ಕೇಳ್ಲಿ.”

“ಇದು ಜಾತಿಯ ಮಾತು, ಸರ್. ಅದಕ್ಕೆ ತೊಡಿಸಿದ ಶರ್ಟು ಮಾತ್ರ ಇಸ್ತ್ರಿ ಮಾಡಿದ್ದು.”

“ಜಾತಿ ಯಾಕ ತೆಗೀತೀರಿ? ಶಿಸ್ತಿನ ಮಾತ ಇದು.”

ಲಿಖಿತ ಆದೇಶವೇ ಬಂತು. ನಾನು ಪ್ರತಿಭಟಿಸಿ ಬರೆದೆ. ಅಸ್ಪೃಶ್ಯತೆಯನ್ನು ನಿಷೇಧಿಸುವ ಸಂವಿಧಾನದ ವಿಧಿಯನ್ನು ನಮೂದಿಸಿ ಬರೆದೆ. ಸ್ವೀಕರಿಸಲಾಗಿದೆ ಎಂಬ ಮೊಹರಿನ ಹೊರತು ಏನೂ ಬರಲಿಲ್ಲ. ಸುಜಾತಾಳಿಗೆ ಹೇಗೆ ಹೇಳಲಿ ಎಂದು ನಾನು ತಡವರಿಸುತ್ತಿರುವಾಗ ಅವಳೇ, “ಗೊತ್ತಾತ್ರಿ ಅಕ್ಕಾರ. ಬಸ್ಸಿನ್ಯಾಗ ಮಂದಿ ಎಲ್ಲಾ ಮಾತಾಡ್ತಾರ,” ಎಂದಳು. ಅಷ್ಟರಲ್ಲಿ ಪ್ರಕಟವಾಗಿದ್ದ ಕಡೆಯ ಅಧ್ಯಾಯವನ್ನು ಅವಳು ಇಳಿಸಿಕೊಂಡು ಓದಿದ್ದಳು. ನಾನು ಓದಿರಲಿಲ್ಲ, ಮಾಸ್ತರರೂ ಎಲ್ಲರ ಎದುರೇ ಮೊದಲ ಬಾರಿ ಓದುತ್ತೇನೆಂದು ಬಿಟ್ಟಿದ್ದರು. ಹೀಗೆ ಇಡೀ ಬಬಲೇಶ್ವರದಲ್ಲಿ ಯಂತ್ರ ಏನಾಯಿತೆಂದು ತಿಳಿದವಳು ಅವಳೊಬ್ಬಳೇ.

ಅದನ್ನು ಓದುವ ರವಿವಾರ ಮೇಲಧಿಕಾರಿ ಸಾಹೇಬರು ಸ್ವತಃ ಬಂದರು. ಆದೇಶ ಪಾಲನೆಯಾಗುವುದನ್ನು ನೋಡಲು ಮುಂದಿನ ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡು ಕುಳಿತರು. ಜಮಖಾನದ ಮೇಲೆ ಜಾಗವಿರಲಿಲ್ಲ. ಸುಜಾತಾ ಡ್ಯೂಟಿ ಮುಗಿಸಿ ಖಾಕಿಯಲ್ಲೇ ಬಂದು, ಎಲ್ಲರ ಹಿಂದೆ, ಬಾಗಿಲ ಹತ್ತಿರ ಕುಳಿತಳು. ನಾನು ಮುಂದೆ ಕರೆದೆ. ಅವಳು ತಲೆಯಾಡಿಸಿದಳು.

ಮಾಸ್ತರರು ಮೊದಲ ವಾಕ್ಯ ಓದಿದರು. ನಿಲ್ಲಿಸಿದರು. ಅರ್ಥ ಹೇಳಲಿಲ್ಲ. ಎರಡನೆಯ ವಾಕ್ಯ ಓದಿದರು. ಮತ್ತೆ ನಿಲ್ಲಿಸಿದರು, ಅರ್ಥಕ್ಕೆ ಬೇಕಾಗುವಷ್ಟೇ ಹೊತ್ತು. ಕೋಣೆಯಲ್ಲಿ ಗುಸುಗುಸು ಎದ್ದಿತು.

“ಮಾಸ್ತರ, ಅರ್ಥ ಎಲ್ಲೈತ್ರಿ?” ಎಂದ ಮಲ್ಲಪ್ಪ ಕಾಕಾ.

“ನಂಗ ಓದಾಕಷ್ಟ ಬರತೈತಿ ಮಲ್ಲಪ್ಪ.”

“ಮತ್ತ ಯಾರ ಹೇಳಾವ್ರು?”

ಮಾಸ್ತರರು ಸಾಹೇಬರ ಕಡೆ ನೋಡಿದರು. ಸಾಹೇಬರು, “ನೀವ ಹೇಳ್ರಿ ಸರ, ನಿಮಗ ಬರಂಗಿಲ್ಲಂದ್ರ ಯಾರಿಗೆ ಬರತೈತಿ,” ಎಂದರು. ಮಾಸ್ತರರು ಮೂರನೆಯ ವಾಕ್ಯ ಓದಿ, ಕನ್ನಡಕ ತೆಗೆದು ಒರೆಸತೊಡಗಿದರು.

ಮಲ್ಲಪ್ಪ ಕಾಕಾ ಕಂಬಳಿ ಸರಿಸಿದ. ಎದ್ದು ಹೋಗುತ್ತಾನೆಂದುಕೊಂಡೆ. ಅವನು ಏಳಲಿಲ್ಲ. ಒಂದು ಕೈ ನೆಲಕ್ಕೂರಿ, ನೋಯುವ ಮೊಳಕಾಲನ್ನು ನಿಧಾನವಾಗಿ ಎಳೆದುಕೊಂಡು, ಕುಳಿತಲ್ಲೇ ಹಿಂದಕ್ಕೆ ತಿರುಗಿದ. ಬಾಗಿಲ ಕಡೆ ಮುಖ ಮಾಡಿದ.

“ಹೇಳವ್ವಾ ಸುಜಾತಾ. ಅದು ಏನಾತು?”

ಅವನ ಪಕ್ಕದವನು ತಿರುಗಿದ. ಅವನ ಹಿಂದಿನ ಹೆಂಗಸರು ತಿರುಗಿದರು. ಜಮಖಾನ ಮುದುಡಿ, ಸೀರೆಗಳು ಸಿಕ್ಕು, “ಸರೀ ಬೇ, ಜರಾ ಸರೀ” ಎಂಬ ಮಾತುಗಳ ನಡುವೆ, ಇಡೀ ಕೋಣೆ ಸಾಲುಸಾಲಾಗಿ ಹಿಂದುಮುಂದಾಯಿತು. ಬಾಗಿಲ ಹತ್ತಿರದ ಜಾಗ ಈಗ ಮುಂದಾಗಿತ್ತು. ಅರ್ಥ ಹೇಳುವವರ ಜಾಗ ಅದೇ ಆಗಿತ್ತು.

ಆ ದಿನ ಬಬಲೇಶ್ವರದಲ್ಲಿ ಜಾತಿ ಅಳಿಯಿತೆಂದು ನಾನು ಬರೆಯಲಾರೆ. ಅಂಥ ಸುಳ್ಳು ನಿಮಗೆ ಉಪಕಾರ ಮಾಡದು. ಅವರು ನ್ಯಾಯಕ್ಕಾಗಿ ತಿರುಗಿದರೆಂದೂ ಹೇಳಲಾರೆ. ಬಾವಿಯಲ್ಲಿ ಬಿದ್ದ ಯಂತ್ರ ಏನಾಯಿತೆಂದು ತಿಳಿಯಬೇಕಾಗಿತ್ತು, ತಿಳಿದವಳು ಅಲ್ಲಿದ್ದಳು, ಅದಕ್ಕೆ ತಿರುಗಿದರು. ನಾನು ಹೋರಾಟಗಳಲ್ಲಿ ಬೆಳೆದವಳು. ಘೋಷಣೆ, ಮನವಿ, ಕಾನೂನು ಇವುಗಳ ಮೇಲೆ ನನಗೆ ನಂಬಿಕೆಯಿದೆ, ಇಂದಿಗೂ ಇದೆ. ಆದರೆ ಮುಂದೇನಾಯಿತು ಎಂಬ ಆಸೆಗೆ ಇಷ್ಟು ಬಲವಿದೆಯೆಂದು ನನಗೆ ಯಾರೂ ಕಲಿಸಿರಲಿಲ್ಲ.

ಮಾಸ್ತರರು ಎದ್ದು, ಫೋನ್ ಹಿಡಿದುಕೊಂಡು, ಗೋಡೆಯ ಬದಿಯಿಂದ ನಡೆದು ಬಾಗಿಲ ಹತ್ತಿರ ಹೋಗಿ ಸುಜಾತಾಳ ಎದುರು ನೆಲದ ಮೇಲೆ ಕುಳಿತರು. ಮೊದಲ ವಾಕ್ಯವನ್ನು ಮತ್ತೆ ಓದಿದರು. ಸುಜಾತಾ ಅರ್ಥ ಹೇಳಿದಳು:

“ಕೆಳಗ ಕತ್ತಲಿತ್ತು. ಮ್ಯಾಲಿಂದ ಯಾರೊ ಹಗ್ಗ ಬಿಡಾಕತ್ತಿದ್ರು. ಯಾರಂತ ಮಶೀನಿಗೆ ಗೊತ್ತಿದ್ದಿಲ್ಲ, ಆದ್ರ ಹಗ್ಗ ಬಿಡಾವ್ರು ತಮ್ಮ ತಮ್ಮಾಗ ಜಗಳಾಡೂದು ಕೇಳಿಸ್ತಿತ್ತು.”

ತಮ್ಮದೇ ಜಗಳ ಅಷ್ಟು ದೂರದ ಗ್ರಹಕ್ಕೆ ಹೋಗಿ ಬಂದದ್ದನ್ನು ಕೇಳುಗರು ಕೂಡಲೇ ಗುರುತಿಸಿದರು. ನಗು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆ ನಗುವಿನಲ್ಲಿ ಅವಳ ಮುಂದಿನ ಮಾತು, ಈಗ ಎಲ್ಲರ ಹಿಂದಾಗಿ ಕುಳಿತಿದ್ದ ಸಾಹೇಬರಿಗೆ ಕೇಳಿಸಲಿಲ್ಲ. ಅವರು ಕತ್ತು ಚಾಚಿದರು. ಮಲ್ಲಪ್ಪ ಕಾಕಾ ಭುಜದ ಮೇಲಿಂದ ಹಿಂತಿರುಗಿ ನೋಡಿದ.

“ಸಾಹೇಬ್ರ, ಅಲ್ಲಿ ಕುಂತ್ರ ಅರ್ಥ ಕೇಳಂಗಿಲ್ರಿ. ಈ ಕಡೆ ಬರ್ರಿ.”

ಸಾಹೇಬರು ಸ್ವಲ್ಪ ಹೊತ್ತು ಕುಳಿತೇ ಇದ್ದರು. ಆಮೇಲೆ ಕುರ್ಚಿಯನ್ನು ತಾವೇ ಎತ್ತಿಕೊಂಡು ಅರ್ಥ ಕೇಳಿಸುವ ಕಡೆಗೆ ಬಂದರು.